ಬೇಸಿಗೆ ಮದುವೆಯ ಉಡುಪು: ಮೊದಲು ಅಸ್ತರು, ಆಮೇಲೆ ಅಂದ

ಬೇಸಿಗೆಯಲ್ಲಿ ಮದುವೆ ಇಟ್ಟುಕೊಂಡವರು ಹೊಲಿಯಲು ಕೊಡುವಾಗ ಮೊದಲು ಬಿಚ್ಚಿ ತೋರಿಸುವುದು ಹೊರಬಟ್ಟೆಯನ್ನು. ನಾನು ಮೊದಲು ಕೇಳುವುದು ಅಸ್ತರಿಗೆ ಏನು ಹಾಕೋಣ ಎಂದು. ಇಡೀ ದಿನ ಮೈಗೆ ತಾಗಿಕೊಂಡಿರುವುದು ಅದೇ ತಾನೆ. ಮೇಲೆ ಅಪ್ಪಟ ರೇಷ್ಮೆ ಇದ್ದರೂ ಒಳಗೆ ಪಾಲಿಯೆಸ್ಟರ್ ಅಸ್ತರು ಕೂತರೆ ಮದುಮಗಳ ಪಾಲಿಗೆ ಅದು ಪಾಲಿಯೆಸ್ಟರ್ ಉಡುಪೇ.

ಕಾರಣ ನೂಲಿನಲ್ಲಿದೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ 8ರ ಆಸುಪಾಸು ತೇವ ಹಿಡಿದಿಟ್ಟುಕೊಳ್ಳುತ್ತದೆ, ರೇಷ್ಮೆ ಸುಮಾರು ಶೇ 11, ಲಿನನ್ ಶೇ 12. ಪಾಲಿಯೆಸ್ಟರ್ ಹಿಡಿಯುವುದು ಶೇ 0.4 ಮಾತ್ರ. ಹೀರಿಕೊಳ್ಳಲು ಜಾಗವಿಲ್ಲದ ಬೆವರು ಬೆನ್ನಿನ ಮೇಲೇ ಇಳಿಯುತ್ತದೆ, ಬಟ್ಟೆ ಮೈಗೆ ಅಂಟುತ್ತದೆ.

ಜಾರ್ಜೆಟ್, ಕ್ರೇಪ್, ಆರ್ಗಂಜಾ, ಸ್ಯಾಟಿನ್ ಎಂಬ ಹೆಸರು ಕೇಳಿ ಯಾರೂ ಮೋಸಹೋಗಬಾರದು. ಇವು ನೇಯ್ಗೆಯ, ಬಟ್ಟೆಯ ಬಗೆಯ ಹೆಸರುಗಳು. ಅದೇ ಜಾರ್ಜೆಟ್ ರೇಷ್ಮೆಯದೂ ಇರುತ್ತದೆ, ಪಾಲಿಯೆಸ್ಟರಿನದೂ ಇರುತ್ತದೆ. ಅಂಚಿನಿಂದ ನಾಲ್ಕು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಸುಟ್ಟು ನೋಡುತ್ತೇನೆ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟ ವಾಸನೆಯಾದರೆ ಹತ್ತಿ ಅಥವಾ ವಿಸ್ಕೋಸ್ (ಮರದ ತಿರುಳಿನಿಂದ ಮಾಡಿದ ನೂಲು). ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ನೈಲಾನ್.

ಅಸ್ತರಿಗೆ ನನ್ನ ಆಯ್ಕೆ ಮಲ್‌ಮಲ್ ಅಥವಾ ತೆಳು ಕೇಂಬ್ರಿಕ್, ಎರಡೂ ಹತ್ತಿಯವೇ. ವಿಸ್ಕೋಸ್ ಇನ್ನೂ ತಂಪು, ನುಣುಪು ಕೂಡ. ಆದರೆ ಒದ್ದೆಯಾದಾಗ ಅದರ ಬಲ ಬಹಳ ಕುಗ್ಗುತ್ತದೆ. ಅದಕ್ಕೇ ಲಂಗದ ಭಾಗಕ್ಕೆ ಹಾಕುತ್ತೇನೆಯೇ ಹೊರತು ಬಿಗಿಯಾದ ರವಿಕೆಗೆ ಹಾಕುವುದಿಲ್ಲ. ಬೆವರಿದ ಕಂಕುಳಲ್ಲಿ ಕೈ ಎತ್ತಿದರೆ ಹೊಲಿಗೆಯ ಪಕ್ಕದಲ್ಲೇ ಪರ್ ಎನ್ನುತ್ತದೆ. ಹತ್ತಿಯನ್ನು ಕತ್ತರಿಸುವ ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಹರವಿ, ಅರೆ ಒದ್ದೆ ಇರುವಾಗಲೇ ಇಸ್ತ್ರಿ ಮಾಡುತ್ತೇನೆ. ಇದನ್ನು ಬಿಟ್ಟರೆ ಏನಾಗುತ್ತದೆ ಎಂದರೆ, ಶೇ 5ರಷ್ಟು ಕುಗ್ಗುವ ಅಸ್ತರು 40 ಸೆಂ.ಮೀ. ಉದ್ದದ ಮೇಲುಡುಪಿನಲ್ಲಿ 2 ಸೆಂ.ಮೀ. ಮೇಲಕ್ಕೆ ಎಳೆದುಕೊಳ್ಳುತ್ತದೆ. ಹೊರಗಿನ ರೇಷ್ಮೆ ಸೊಂಟದ ಹತ್ತಿರ ಸುಕ್ಕುಗಟ್ಟಿ ನಿಲ್ಲುತ್ತದೆ. ಆಗ ಹೊಲಿಗೆ ಬಿಚ್ಚದೆ ಬೇರೆ ದಾರಿಯಿಲ್ಲ.

ಲೆಹೆಂಗಾ, ಗೌನುಗಳ ಕೆಳಭಾಗದ ಅಸ್ತರನ್ನು ಸೊಂಟದಲ್ಲಿ ಮಾತ್ರ ಹೊಲಿದು, ಉಳಿದದ್ದನ್ನು ಬಿಡಿಯಾಗಿ ಇಳಿಬಿಡುತ್ತೇನೆ. ಉದ್ದ ಹೊರಬಟ್ಟೆಗಿಂತ 4 ಸೆಂ.ಮೀ. ಕಡಿಮೆ. ಎರಡು ಪದರದ ನಡುವೆ ಗಾಳಿಯಾಡುತ್ತದೆ, ನಡೆಯುವಾಗ ಕಾಲಿಗೂ ಸುತ್ತಿಕೊಳ್ಳುವುದಿಲ್ಲ. ಘೇರು ನಿಲ್ಲಲು ಗಟ್ಟಿ ಬಲೆಯ ಒಳಪದರ, ಅಂದರೆ ಕ್ಯಾನ್‌ಕ್ಯಾನ್ ಬೇಕೇ ಬೇಕು ಎನ್ನುವವರಿಗೆ ಸೊಂಟದಿಂದ 20 ಸೆಂ.ಮೀ. ತನಕ ಬರೀ ಹತ್ತಿ ಪಟ್ಟಿ ಕೊಟ್ಟು, ಅದರ ಕೆಳಗಿನಿಂದ ಬಲೆ ಶುರುಮಾಡುತ್ತೇನೆ. ಸೊಂಟದಿಂದಲೇ ಬಲೆ ಬಂದರೆ ಬಿಸಿಯೂ ಹೆಚ್ಚು, ಕೂತಲ್ಲೆಲ್ಲ ಮೈ ತರಚುತ್ತದೆ.

ಬಟ್ಟೆ ನೆಟ್ಟಗೆ ನಿಲ್ಲಲೆಂದು ಒಳಗೆ ಇಸ್ತ್ರಿಯಿಂದ ಅಂಟಿಸುವ ಗಟ್ಟಿ ಬಟ್ಟೆ, ಬಕ್ರಮ್, ಬೇಸಿಗೆಗೆ ಒಳ್ಳೆಯದಲ್ಲ. ಅದರ ಅಂಟಿನ ಪದರ ಗಾಳಿಯನ್ನು ತಡೆಯುತ್ತದೆ, ಇಸ್ತ್ರಿ ಹದ ತಪ್ಪಿದರೆ ಗುಳ್ಳೆ ಏಳುತ್ತದೆ. ಕೊರಳ ಅಂಚಿಗೆ, ಹುಕ್ಕಿನ ಪಟ್ಟಿಗೆ ಹತ್ತಿಯ ಆರ್ಗಂಡಿ (ಗರಿಗರಿಯಾದ ತೆಳು ಬಟ್ಟೆ) ಕತ್ತರಿಸಿ ಹೊಲಿದು ಕೂರಿಸಿದರೆ ಅಷ್ಟೇ ನೆಟ್ಟಗೆ ನಿಲ್ಲುತ್ತದೆ. ತೋಳಿಲ್ಲದ ಬಿಗಿ ಮೇಲುಡುಪಿಗೆ ಆಕಾರ ನಿಲ್ಲಲೆಂದು ಹಾಕುವ ಪ್ಲಾಸ್ಟಿಕ್ ಕಡ್ಡಿ ಮೈ ಬಿಸಿಗೆ ಬಾಗುತ್ತದೆ. ಸುರುಳಿ ಉಕ್ಕಿನ ಕಡ್ಡಿಗೆ ಆ ತೊಂದರೆಯಿಲ್ಲ.

ಇನ್ನು ಕಂಕುಳ ಪ್ಯಾಡ್, ಅಂದರೆ ಕಂಕುಳ ಬೆವರು ಹೀರಲು ಉಡುಪಿನೊಳಗೆ ಕೂರಿಸುವ ಬಟ್ಟೆಯ ತುಂಡು. ಬೇಸಿಗೆ ಉಡುಪಿನಲ್ಲಿ ಇದಕ್ಕಿಂತ ಉಪಕಾರಿಯಾದ ಭಾಗ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಕಾಗದದ ಮೇಲೆ 16 ಸೆಂ.ಮೀ. ಉದ್ದ, ನಡುವೆ 7 ಸೆಂ.ಮೀ. ಅಗಲದ ಅರ್ಧಚಂದ್ರ ಬರೆಯುತ್ತೇನೆ. ಒಳಬಾಗು ಕಂಕುಳ ಹೊಲಿಗೆಯ ಬಾಗಿಗೆ ಹೊಂದಬೇಕು. ಒಂದೊಂದು ಚಂದ್ರಕ್ಕೂ ಮೂರು ಪದರ: ಮೈಯ ಕಡೆ ಮಲ್‌ಮಲ್, ನಡುವೆ ಹತ್ತಿಯ ಫ್ಲಾನೆಲ್, ಉಡುಪಿನ ಕಡೆ ಒತ್ತಾಗಿ ನೇಯ್ದ ಹತ್ತಿ. ಇಂಥ ಎರಡು ಚಂದ್ರಗಳನ್ನು ಒಳಬಾಗಿನಲ್ಲಿ ಜೋಡಿಸಿದರೆ ಒಂದು ಪ್ಯಾಡ್. ಜೋಡಿಸಿದ ಗೆರೆ ಕಂಕುಳ ಹೊಲಿಗೆಯ ಮೇಲೆ ಕೂರಬೇಕು. ಒಂದು ಅರ್ಧ ರವಿಕೆಯೊಳಗೆ, ಇನ್ನೊಂದು ತೋಳಿನೊಳಗೆ ಮಲಗುತ್ತದೆ. ತೋಳಿಲ್ಲದ ಉಡುಪಿಗೆ ಒಂದೇ ಚಂದ್ರ ಸಾಕು. ಅಂಚನ್ನು ಒಳಗೆ ಮಡಚಬಾರದು. ಮಡಿಕೆ ದಪ್ಪವಾಗಿ ಉಜ್ಜುತ್ತದೆ, ಹೊರಗೂ ಗೆರೆ ಮೂಡುತ್ತದೆ. ಜಿಗ್‌ಜಾಗ್ ಹೊಲಿಗೆ ಹೊಡೆದು ಹಾಗೇ ಬಿಡುತ್ತೇನೆ. ಮೂರು ಕಡೆ ಚಿಕ್ಕ ಟಿಚ್ ಬಟನ್ ಇಟ್ಟರೆ ನಡುವೆ ಬದಲಾಯಿಸಬಹುದು. ಮದುಮಗಳಿಗೆ ಮೂರು ಜೊತೆ ಮಾಡಿಕೊಡುತ್ತೇನೆ.

ಅಳತೆಯನ್ನು ಊಟವಾದ ಮೇಲೆ, ನಿಂತೂ ಕೂತೂ ಎರಡು ಸಲ ತೆಗೆಯಬೇಕು. ಸೊಂಟದಲ್ಲಿ ಎರಡರ ನಡುವೆ 2–3 ಸೆಂ.ಮೀ. ವ್ಯತ್ಯಾಸ ಬಂದರೆ ಅಚ್ಚರಿಯಿಲ್ಲ, ದೊಡ್ಡದನ್ನೇ ಹಿಡಿಯುತ್ತೇನೆ. ಬದಿ ಹೊಲಿಗೆಯಲ್ಲಿ 2.5 ಸೆಂ.ಮೀ. ಮಾರ್ಜಿನ್ ಉಳಿಸುವುದು ಕಡ್ಡಾಯ. ಕೊನೆಯ ಫಿಟ್ಟಿಂಗನ್ನು ಮುಹೂರ್ತ ಎಷ್ಟು ಹೊತ್ತಿಗೋ ಅಷ್ಟು ಹೊತ್ತಿಗೇ ಇಟ್ಟು, ಒಂದು ಗಂಟೆ ಉಟ್ಟುಕೊಂಡೇ ಇರಲು ಹೇಳುತ್ತೇನೆ. ಕೈ ಎತ್ತಬೇಕು, ಮೆಟ್ಟಿಲು ಹತ್ತಬೇಕು, ನೆಲದ ಮೇಲೆ ಕೂತು ಏಳಬೇಕು.

ಬಣ್ಣದ ಪರೀಕ್ಷೆ ಸುಲಭ. ತುಂಡು ಬಟ್ಟೆಯ ಮೇಲೆ ಎರಡು ಹನಿ ನೀರು ಬಿಟ್ಟು ಹಗಲು ಬೆಳಕಲ್ಲಿ ನೋಡಿ. ತಿಳಿಬೂದು, ಆಕಾಶನೀಲಿ, ತಿಳಿಹಸಿರು ಸಾದಾ ಬಟ್ಟೆಗಳು ಬೆವರನ್ನು ಊರಿಗೆಲ್ಲ ಸಾರುತ್ತವೆ. ಬಿಳಿ, ಕಡುನೀಲಿ ಮತ್ತು ಒತ್ತಾದ ಪ್ರಿಂಟುಗಳು ಮುಚ್ಚಿಡುತ್ತವೆ. ರೇಷ್ಮೆ ಸ್ಯಾಟಿನ್ ಒಣಗಿದ ಮೇಲೂ ಹನಿಯ ಅಂಚು ಉಳಿಸಿಕೊಳ್ಳಬಹುದು.

ಮದುಮಗಳ ಜೊತೆ ನಿಲ್ಲುವ ಗೆಳತಿಯರಿಗೆ ಒಂದೇ ಬಣ್ಣ ಎಂದು ತೀರ್ಮಾನವಾದರೆ ಎಲ್ಲರ ಬಟ್ಟೆ ಒಂದೇ ಥಾನಿನಿಂದ ಬರಬೇಕು. ಬೇರೆ ಬೇರೆ ಸಲ ಬಣ್ಣ ಹಾಕಿದ ಥಾನುಗಳು ಅಂಗಡಿಯ ದೀಪದಡಿ ಒಂದೇ ಥರ ಕಂಡು, ಬಿಸಿಲಿಗೆ ಬಂದಾಗ ಬೇರೆಯಾಗಿ ಕಾಣುತ್ತವೆ. ಐದು ಜನಕ್ಕೆ ತಲಾ 3.5 ಮೀಟರಿನ ಲೆಕ್ಕದಲ್ಲಿ 17.5 ಮೀಟರ್ ಬೇಕಿದ್ದರೆ ನಾನು 19 ತರಿಸುತ್ತೇನೆ. ಒಂದು ತೋಳು ತಪ್ಪಿ ಕತ್ತರಿಸಿದಾಗ ಆ ಒಂದೂವರೆ ಮೀಟರ್ ಮಾನ ಕಾಯುತ್ತದೆ. ಕೊರಳು, ತೋಳಿನ ಆಕಾರ ಅವರವರ ಇಷ್ಟಕ್ಕೆ ಬಿಟ್ಟರೆ ಎಲ್ಲರೂ ಹಾಯಾಗಿರುತ್ತಾರೆ.

ಬೆವರು ತಡೆಯುವ ಡಿಯೋಡರೆಂಟಿನ ಅಲ್ಯೂಮಿನಿಯಂ ಬೆವರಿನ ಜೊತೆ ಸೇರಿ ಬಟ್ಟೆಗೆ ಹಳದಿ ಕಲೆ ಹಿಡಿಸುತ್ತದೆ. ಹಿಂದಿನ ರಾತ್ರಿ ಒಣ ಚರ್ಮಕ್ಕೆ ಹಚ್ಚಿದರೆ ಕೆಲಸವೂ ಚೆನ್ನಾಗಿ ಮಾಡುತ್ತದೆ, ಬಟ್ಟೆಯೂ ಉಳಿಯುತ್ತದೆ. ಸನ್‌ಸ್ಕ್ರೀನ್ ಹಚ್ಚಿ 20 ನಿಮಿಷ ಆರಿದ ಮೇಲೇ ಉಡಬೇಕು. ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನನ್ನು ದಪ್ಪಗೆ ಬಳಿದರೆ ಫ್ಲ್ಯಾಶ್ ಫೋಟೋದಲ್ಲಿ ಮುಖ ಬಿಳಿಚಿ ಕಾಣುತ್ತದೆ. ಸೆಂಟನ್ನು ಉಡುವ ಮೊದಲು ಮೈಗೆ ಹಾಕಿ, ರೇಷ್ಮೆಯ ಮೇಲೆ ಮಾತ್ರ ಸಿಂಪಡಿಸಬೇಡಿ.

ಮುತ್ತನ್ನು ಎಲ್ಲ ಮುಗಿದ ಮೇಲೆ ಕೊನೆಗೆ ತೊಡಿಸಿ. ಸೆಂಟು, ಹೇರ್‌ಸ್ಪ್ರೇ ಅದರ ಹೊಳಪು ತಿನ್ನುತ್ತವೆ. ಹಿಂಬದಿಗೆ ಹೊಳಪಿನ ಹಾಳೆ ಕೂರಿಸಿದ ಕಲ್ಲಿನ ಒಡವೆಯೊಳಗೆ ಬೆವರು ಇಳಿದರೆ ಕಲ್ಲು ಮಂಕಾಗುತ್ತದೆ. ಭಾರದ ಸರದ ಹಿಂಬದಿಗೆ ಅದೇ ಬಣ್ಣದ ಹತ್ತಿ ಪಟ್ಟಿ ಹೊಲಿದಿಟ್ಟರೆ ಒಡವೆಯೂ ಚರ್ಮವೂ ಉಳಿಯುತ್ತವೆ. ಕೃತಕ ಒಡವೆಯ ನಿಕಲ್ ಬೆವರಿಗೆ ಕರಗಿ ಕೆಲವರಿಗೆ ತುರಿಕೆ ತರುತ್ತದೆ. ಅಂಥವರು ಒಡವೆಯ ಮೈಗೆ ತಾಗುವ ಬದಿಗೆ ಬಣ್ಣವಿಲ್ಲದ ನೇಲ್ ಪಾಲಿಷನ್ನು ಹಿಂದಿನ ದಿನವೇ ಎರಡು ಕೋಟು ಬಳಿದು ಒಣಗಿಸಿಟ್ಟರೆ ಒಂದು ದಿನದ ಮಟ್ಟಿಗೆ ಸಾಕು.

ಚಪ್ಪಲಿಯನ್ನು ಸಂಜೆ ಹೊತ್ತು, ಪಾದ ಊದಿರುವಾಗ ಕೊಳ್ಳಿ. ಹುಲ್ಲಿನ ಮೇಲೆ ಮದುವೆಯಾದರೆ ಚೂಪು ಹಿಮ್ಮಡಿ ನೆಲಕ್ಕೆ ಇಳಿಯುತ್ತದೆ, ಅಗಲ ಹಿಮ್ಮಡಿಯದೇ ಬೇಕು. ಉಡುಪಿನ ಕೆಳ ಅಂಚು ಮಡಚುವ ದಿನ ಅದೇ ಚಪ್ಪಲಿ ಕಾಲಲ್ಲಿರಲಿ. ಲಿಲ್ಲಿ ಹೂವಿದ್ದರೆ ಕೇಸರ ಮೊದಲೇ ಕಿತ್ತುಬಿಡಿ. ಪರಾಗ ಬಟ್ಟೆಗೆ ಬಿದ್ದರೆ ನೀರು ಹಾಕದೆ ಸೆಲ್ಲೋಟೇಪಿನಿಂದ ಎತ್ತಬೇಕು.

ಅತಿಥಿಗಳಿಗೆ ನಾನು ಹೇಳುವುದು ಇಷ್ಟೇ: ತೆಳು ಬಿಳಿ ಹತ್ತಿ ತಂಪು ನಿಜ, ಆದರೆ ಬಿಸಿಲಿನ ಕಿರಣಗಳನ್ನು ಒಳಬಿಡುತ್ತದೆ, ಒದ್ದೆಯಾದರೆ ಇನ್ನೂ ಹೆಚ್ಚು. ಹೊರಾಂಗಣದಲ್ಲಿ ಗಂಟೆಗಟ್ಟಲೆ ಕೂರುವುದಾದರೆ ತುಸು ಒತ್ತು ನೇಯ್ಗೆಯ, ಸಡಿಲವಾದ, ಉದ್ದ ತೋಳಿನ ಲಿನನ್ ಉತ್ತಮ. ಸುಕ್ಕಾಗುತ್ತದೆ ಎಂದು ಅದನ್ನು ಬಿಡಬೇಡಿ.

ಮದುವೆ ಮುಗಿದ ರಾತ್ರಿಯೇ ಉಡುಪನ್ನು ಪೆಟ್ಟಿಗೆಗೆ ಹಾಕಬಾರದು. ಪ್ಯಾಡ್ ಬಿಚ್ಚಿ ತಣ್ಣೀರಲ್ಲಿ ತೊಳೆದು, ಉಡುಪನ್ನು ಒಳಮೇಲು ಮಾಡಿ ನೆರಳಲ್ಲಿ ಒಂದು ದಿನ ತೂಗುಹಾಕಿ. ಒಂದು ವಾರದೊಳಗೆ ಡ್ರೈಕ್ಲೀನಿಂಗಿಗೆ ಕೊಡುವಾಗ ಬೆವರಿನ ಜಾಗಗಳನ್ನು ನೂಲಿನಿಂದ ಗುರುತು ಮಾಡಿ ತೋರಿಸಿ. ಎಣ್ಣೆ ತೆಗೆಯುವ ದ್ರಾವಣ ಬೆವರಿನ ಉಪ್ಪನ್ನು ತೆಗೆಯುವುದಿಲ್ಲ, ಅದಕ್ಕೆ ನೀರಿನ ಉಪಚಾರವನ್ನು ಅವರು ಬೇರೆಯಾಗಿಯೇ ಮಾಡಬೇಕಾಗುತ್ತದೆ.