ಟೋ ಬ್ರಾಕೆಟ್‌ಗೆ ಬೇಕಾದ ಗಟ್ಟಿತನ: ನನ್ನ ಅನುಭವ

ಸಕಲೇಶಪುರದ ಕಡೆ ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಜೀಪು ಹೂತುಕೊಳ್ಳುವುದು ಮಾಮೂಲಿ. ಒಂದನ್ನು ಇನ್ನೊಂದು ಎಳೆಯಲೇಬೇಕು. ಹಾಗೆ ಎಳೆಯುವ ಬ್ರಾಕೆಟ್ಟು, ಪಿನ್ನು ನಾನೇ ಮಾಡಿಕೊಡುತ್ತೇನೆ. ಬಂದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಅಣ್ಣ, ಕೆಂಪಗೆ ಕಾಯಿಸಿ ನೀರಿಗೆ ಅದ್ದಿಬಿಡಿ, ಗಟ್ಟಿ ಬರುತ್ತೆ." ಬ್ರಾಕೆಟ್‌ಗೆ ಮಾತ್ರ ನಾನು ಆ ಕೆಲಸ ಮಾಡುವುದಿಲ್ಲ.

ಅಂಗಡಿಯಲ್ಲಿ ಸಿಗುವ ಎಂ.ಎಸ್. (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಪ್ಲೇಟಿನಲ್ಲಿ ಇಂಗಾಲ ತೀರಾ ಕಡಿಮೆ. ಅದ್ದಿದರೂ ಹೇಳಿಕೊಳ್ಳುವಷ್ಟು ಗಡಸಾಗಲ್ಲ. ಲಾರಿ ಸ್ಪ್ರಿಂಗ್ ಪಟ್ಟಿ ತಂದರೆ ಗಡಸಾಗುತ್ತದೆ ನಿಜ, ಆದರೆ ವೆಲ್ಡಿನ ಪಕ್ಕದಲ್ಲೇ ಪೆಡಸಾಗಿ ಬಿರುಕು ಬಿಡುತ್ತದೆ. ಎಳೆಯುವಾಗ ಹಗ್ಗ ಒಮ್ಮೆಲೇ ಬಿಗಿಯುತ್ತದೆ ಅಲ್ವಾ? ಆ ಜಗ್ಗಿಗೆ ಪೆಡಸು ಕಬ್ಬಿಣ ಯಾವ ಸುಳಿವೂ ಕೊಡದೆ ಮುರಿದು ಹಾರುತ್ತದೆ. ಎಂ.ಎಸ್. ಮೊದಲು ಬಾಗುತ್ತದೆ. ಬಾಗಿದ್ದು ಕಣ್ಣಿಗೆ ಕಾಣುತ್ತದೆ, ಎಳೆಯುವುದನ್ನು ನಿಲ್ಲಿಸಬಹುದು. ಜನ ಅಕ್ಕಪಕ್ಕ ನಿಂತಿರುವ ಕೆಲಸದಲ್ಲಿ ನನಗೆ ಅದೇ ದೊಡ್ಡದು.

ಹಾಗಾದರೆ ಬಲ ಎಲ್ಲಿಂದ ತರೋದು? ಆಕಾರದಿಂದ. 75 ಮಿ.ಮೀ. ಅಗಲ, 12 ಮಿ.ಮೀ. ದಪ್ಪದ ಪಟ್ಟಿ ತಗೊಳ್ಳಿ. ಮಲಗಿಸಿಟ್ಟದ್ದಕ್ಕಿಂತ ನಿಲ್ಲಿಸಿಟ್ಟರೆ ಮೇಲೆ-ಕೆಳಗಿನ ಎಳೆತಕ್ಕೆ ಆರರಷ್ಟಕ್ಕಿಂತ ಜಾಸ್ತಿ ತಡೆಯುತ್ತದೆ. ಆದರೆ ಪಕ್ಕದ ಎಳೆತಕ್ಕೆ ಅದೇ ಪಟ್ಟಿ ದುರ್ಬಲ. ಅದಕ್ಕೇ ಎರಡು ಪಟ್ಟಿ ಜೋಡಿ ನಿಲ್ಲಿಸಿ, ನಡುವೆ ಮೂಲೆಪಟ್ಟಿ ಕೊಡುತ್ತೇನೆ. ಹೀಗೆ ಮಾಡಿದರೆ ಪಿನ್ನಿಗೂ ಎರಡು ಕಡೆ ಆಸರೆ. ಅದು ತುಂಡಾಗಬೇಕಾದರೆ ಎರಡು ಜಾಗದಲ್ಲಿ ಕತ್ತರಿಸಬೇಕು.

ಪಿನ್ನು ತೂರುವ ತೂತನ್ನು ಗ್ಯಾಸ್ ಕಟಿಂಗಿನಲ್ಲಿ ಕೊರೆಯಲ್ಲ, ಡ್ರಿಲ್ಲೇ ಮಾಡುತ್ತೇನೆ. ಗ್ಯಾಸಿನ ಅಂಚು ಒರಟು, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಎಳೆಯುವ ದಿಕ್ಕಿನಲ್ಲಿ ತೂತಿನ ನಡುವಿನಿಂದ ಪಟ್ಟಿಯ ತುದಿಗೆ ತೂತಿನ ವ್ಯಾಸದ ಎರಡರಷ್ಟು ಅಂತರ ಬಿಡುತ್ತೇನೆ. 26 ಮಿ.ಮೀ. ತೂತಾದರೆ 52.

ಹದ ಕೊಡುವ ಕೆಲಸ ಇದ್ದರೆ ಅದು ಪಿನ್ನಿಗೆ. ಅದು ಇಎನ್8, ಅಂದರೆ ಮಧ್ಯಮ ಇಂಗಾಲದ ಉಕ್ಕು, ವೆಲ್ಡ್ ಇಲ್ಲದ್ದು. ಸುಮಾರು 850 ಡಿಗ್ರಿಗೆ ಕಾಯಿಸಿ ಎಣ್ಣೆಗೆ ಬಿಟ್ಟು, ಮತ್ತೆ 600ರ ಆಸುಪಾಸು ಕಾಯಿಸಿ ಪೆಡಸು ತೆಗೆಯಬೇಕು. ಈ ಎರಡನೇ ಕಾಯಿಸುವಿಕೆ ಬಿಟ್ಟರೆ ಮೊದಲಿನದು ಮಾಡದೇ ಇರುವುದೇ ವಾಸಿ. ಬಣ್ಣ ನೋಡಿ ಅಂದಾಜಿಗೆ ಮಾಡುವ ಬದಲು ಬೆಂಗಳೂರಿನ ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಘಟಕಕ್ಕೆ ಕಳಿಸುತ್ತೇನೆ.

ನಮ್ಮ ಊರಿನಲ್ಲಿ ವೆಲ್ಡಿಗೆ ದೊಡ್ಡ ಶತ್ರು ತೇವ. 7018 ಅನ್ನೋ ಕಡಿಮೆ ಜಲಜನಕದ ವೆಲ್ಡಿಂಗ್ ರಾಡ್ ಬಳಸುತ್ತೇನೆ. ಮಲೆನಾಡಿನ ಗಾಳಿಯಲ್ಲಿ ಬಿಚ್ಚಿಟ್ಟರೆ ಅದರ ಮೇಲಿನ ಲೇಪ ನೀರು ಹೀರಿಕೊಳ್ಳುತ್ತದೆ. ಆ ನೀರಿನ ಜಲಜನಕ ವೆಲ್ಡಿನೊಳಗೆ ಸೇರಿ, ಕೆಲಸ ಮುಗಿಸಿ ಮನೆಗೆ ಹೋದ ಮೇಲೂ ಒಳಗೇ ಬಿರುಕು ಬಿಡಿಸಬಹುದು. ಅದಕ್ಕೆ ರಾಡನ್ನು 300–350 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ, ಬಿಸಿ ಇರುವಾಗಲೇ ಹಚ್ಚುತ್ತೇನೆ. ದಪ್ಪ ಪ್ಲೇಟಿನ ಅಂಚನ್ನು ಓರೆಯಾಗಿ ತಿಕ್ಕಿ, ಬುಡದಿಂದ ತುಂಬಿಸುತ್ತೇನೆ. ಸುಮ್ನೆ ಮೇಲೆ ದಪ್ಪಗೆ ಮೆತ್ತಿದರೆ ನೋಡಲು ಚೆನ್ನ, ಒಳಗೆ ಟೊಳ್ಳು.

ಚಾಸಿಗೆ ಬ್ರಾಕೆಟ್ಟನ್ನು ವೆಲ್ಡ್ ಮಾಡಲ್ಲ. 8.8 ದರ್ಜೆಯ ಗಟ್ಟಿ ಬೋಲ್ಟು, ಹಿಂದೆ ಒಂದು ಪ್ಲೇಟು. ಒಳಗೆ ಟೊಳ್ಳಿರುವ ಬಾಕ್ಸ್ ಚಾಸಿಯಾದರೆ ಒಳಗೆ ಕೊಳವೆ ತೂರಿಸುತ್ತೇನೆ, ಇಲ್ಲದಿದ್ದರೆ ಬಿಗಿದಾಗ ಚಾಸಿ ಒಳಕ್ಕೆ ಕುಗ್ಗುತ್ತದೆ.

ಕೊನೆಗೆ ಡೈ ಪರೀಕ್ಷೆ, ಅಂದರೆ ಬಣ್ಣ ಹೊಡೆದು ಬಿರುಕು ಹುಡುಕುವುದು. ಮೂರು ಸ್ಪ್ರೇ ಡಬ್ಬಿ ಸಾಕು: ಸ್ವಚ್ಛ ಮಾಡುವುದು, ಕೆಂಪು ಬಣ್ಣ, ಬಿಳಿ ಲೇಪ. ವೆಲ್ಡನ್ನು ಸ್ವಚ್ಛ ಮಾಡಿ ಕೆಂಪು ಹೊಡೆದು, ಹತ್ತು-ಹದಿನೈದು ನಿಮಿಷ ಬಿಟ್ಟು, ಬಟ್ಟೆಯಿಂದ ಒರೆಸಿ, ಬಿಳಿ ಹೊಡೆಯುತ್ತೇನೆ. ಬಿರುಕಿದ್ದರೆ ಬಿಳಿಯ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿ, ನಿಧಾನಕ್ಕೆ ಅಗಲವಾಗುತ್ತದೆ. ಗೆರೆ ಕಂಡರೆ ಅದರ ಮೇಲೇ ಮತ್ತೆ ವೆಲ್ಡ್ ಎಳೆಯುವುದಲ್ಲ. ಬಿರುಕಿನ ಬುಡ ಸಿಗುವವರೆಗೂ ಗ್ರೈಂಡರಿನಲ್ಲಿ ಕೊರೆದು ತೆಗೆದು, ಇನ್ನೊಮ್ಮೆ ಕೆಂಪು ಹೊಡೆದು ನೋಡಿ, ಆಮೇಲೆ ತುಂಬಿಸಬೇಕು. ಮಳೆಗಾಲ ಮುಗಿದ ಮೇಲೆ ಗಾಡಿ ತಂದರೆ ಇದೇ ಪರೀಕ್ಷೆ ಮತ್ತೊಮ್ಮೆ ಮಾಡಿಕೊಡುತ್ತೇನೆ. ಪಿನ್ ಬಾಗಿದ್ದರೆ ಬಡಿದು ನೆಟ್ಟಗೆ ಮಾಡಿಕೊಡುವುದಿಲ್ಲ, ಹೊಸದೇ ಹಾಕಿಸಿಕೊಳ್ಳಬೇಕು.