ಡಯಾಗ್ನೋಸ್ಟಿಕ್ಸ್ ಕಂಪನಿಯಿಂದ ಸೇಲ್ಸ್ ಆಫರ್ ಬಂದಿದ್ಯಾ? ಹೂಂ ಅನ್ನೋ ಮುಂಚೆ ಒಂದ್ಸಲ ಲ್ಯಾಬಿಗೆ ಹೋಗ್ಬನ್ನಿ

ನಮ್ಮ ಪಕ್ಕದ್ಮನೆ ಹುಡುಗ ಬಿಎಸ್ಸಿ ಎಂಎಲ್‌ಟಿ (ಲ್ಯಾಬ್ ಟೆಕ್ನಿಶಿಯನ್ ಕೋರ್ಸು) ಮುಗ್ಸಿ 2 ವರ್ಷ ಲ್ಯಾಬಲ್ಲಿ ಕೆಲಸ ಮಾಡ್ದವ್ನು, ಹೋದ ತಿಂಗಳು ಆಫರ್ ಲೆಟರ್ ಹಿಡ್ಕೊಂಡು ಬಂದ. ರಕ್ತ ಪರೀಕ್ಷೆ ಮಷಿನ್ನು, ಅದಕ್ಕೆ ಹಾಕೋ ಕೆಮಿಕಲ್ಲು ಅಂದ್ರೆ ರೀಏಜೆಂಟ್ ಮಾರೋ ಕಂಪನಿ, ಹೆಡ್‌ಕ್ವಾರ್ಟರ್ (ಅಂದ್ರೆ ಅವ್ನು ಇದ್ದು ಕೆಲಸ ಮಾಡೋ ಊರು) ದಾವಣಗೆರೆ, ಸಿಟಿಸಿ, ಅಂದ್ರೆ ವರ್ಷಕ್ಕೆ ಕಂಪನಿ ಅವ್ನ ಮೇಲೆ ಹಾಕೋ ಒಟ್ಟು ಖರ್ಚು, 6 ಲಕ್ಷ. "ಅಣ್ಣಾ, ತಿಂಗಳಿಗೆ 50 ಸಾವಿರ, ಆಗ್ಲೇ ಅಮ್ಮಂಗೆ ಹೇಳ್ಬಿಟ್ಟೆ" ಅಂದ. ಇದೇ ಲೈನಲ್ಲಿ 9 ವರ್ಷ ಬ್ಯಾಗ್ ಹೊತ್ತವನು ನಾನು, ಹಂಗಾಗಿ ಮೊದ್ಲು ಆ ಲೆಟರಿನ ಕೊನೇ ಪುಟ ತೆಗಿ ಅಂದೆ.

ಕೊನೇ ಪುಟದಲ್ಲಿ ಇರುತ್ತೆ ನೋಡಿ ಅಸಲಿ ಲೆಕ್ಕ. 6 ಲಕ್ಷದಲ್ಲಿ ಒಂದೂವರೆ ಲಕ್ಷ ವೇರಿಯಬಲ್, ಅಂದ್ರೆ ಟಾರ್ಗೆಟ್ ಮುಟ್ಟಿದ್ರೆ ಮಾತ್ರ. ಉಳಿದ 4.5 ಲಕ್ಷಕ್ಕೆ ತಿಂಗಳಿಗೆ 37,500. ಅದ್ರಲ್ಲಿ ಬೇಸಿಕ್ 18,750 ಅಂತಿದ್ರೆ ಕಂಪನಿ ಕಟ್ಟೋ ಪಿಎಫ್ 2,250 ಕೂಡ ನಿಮ್ಮ ಸಿಟಿಸಿ ಒಳಗೇ, ಗ್ರಾಚ್ಯುಟಿ ಅಂತ ಸುಮಾರು 900 ಅದೂ ಒಳಗೇ, ಆಮೇಲೆ ನಿಮ್ಮ ಪಾಲಿನ ಪಿಎಫ್ 2,250, ಪ್ರೊಫೆಷನಲ್ ಟ್ಯಾಕ್ಸ್ 200. ಕೈಗೆ ಬರೋದು 32 ಸಾವಿರದ ಹತ್ರ. ಹುಡುಗನ ಮುಖ ಸಣ್ಣಗಾಯ್ತು. 32 ಸಾವಿರ ಕೆಟ್ಟ ಸಂಬಳ ಅಂತಲ್ಲ, ಅಮ್ಮಂಗೆ 50 ಅಂದಿದ್ದು ತಪ್ಪು ಅಷ್ಟೇ.

ಇನ್ನು ಕಂಪನಿ ಯಾವ ಥರದ್ದು ಅಂತ ನೋಡ್ಬೇಕು. ಡಯಾಗ್ನೋಸ್ಟಿಕ್ಸ್ ಅಂತ ಬೋರ್ಡ್ ಇದ್ರೂ ಒಳಗೆ ಎರಡು ಬೇರೆ ಬೇರೆ ಕೆಲಸ ಇದೆ. ಒಂದು ಲ್ಯಾಬ್ ಚೈನು, ಅಲ್ಲಿ ನೀವು ಕ್ಲಿನಿಕ್ಕು, ನರ್ಸಿಂಗ್ ಹೋಂ ಸುತ್ತಿ ಸ್ಯಾಂಪಲ್ ತರಿಸ್ಬೇಕು. ಇನ್ನೊಂದು ರೋಶ್, ಅಬಾಟ್, ಸಿಸ್‌ಮೆಕ್ಸ್, ಮಿಂಡ್ರೇ, ಟ್ರಾನ್ಸೇಶಿಯಾ ಥರದವರದ್ದು, ಲ್ಯಾಬಿಗೇ ಮಷಿನ್ನು, ಕಿಟ್ಟು ಮಾರೋದು. ನಂಗೆ ಗೊತ್ತಿರೋದು ಎರಡನೇದು, ಅದನ್ನೇ ಹೇಳ್ತೀನಿ.

ಈ ಧಂದೆಯ ಗುಟ್ಟು ಇರೋದು ರೀಏಜೆಂಟಲ್ಲಿ. ಎಷ್ಟೋ ಕಡೆ ದೊಡ್ಡ ಮಷಿನ್ನನ್ನ ಲ್ಯಾಬಿಗೆ ಮಾರೋದೇ ಇಲ್ಲ, ರೀಏಜೆಂಟ್ ರೆಂಟಲ್ ಅಂತ ಇಟ್ಟು ಬರ್ತಾರೆ, ಮಷಿನ್ನಿಗೆ ದುಡ್ಡು ಬೇಡ, ಆದ್ರೆ 5 ವರ್ಷ ರೀಏಜೆಂಟ್ ನಮ್ಮತ್ರನೇ ತಗೋಬೇಕು ಅಂತ ಅಗ್ರಿಮೆಂಟು. ಹಂಗಾಗಿ ನಿಮ್ಮ ಇನ್ಸೆಂಟಿವ್ ಬರೋದು ನೀವು ಎಷ್ಟು ಚೆನ್ನಾಗಿ ಮಾತಾಡ್ತೀರ ಅನ್ನೋದಕ್ಕಿಂತ ನಿಮ್ಮ ಏರಿಯಾದಲ್ಲಿ ಆಗ್ಲೇ ಎಷ್ಟು ಮಷಿನ್ ಓಡ್ತಾ ಇದೆ ಅನ್ನೋದ್ರ ಮೇಲೆ. ಓಡ್ತಾ ಇರೋದು ಅಂದ್ರೆ ಓಡ್ತಾ ಇರೋದೇ, ಲಿಸ್ಟಲ್ಲಿ ಇರೋದಲ್ಲ.

ಇದು ನಂಗೆ ಗೊತ್ತಾಗಿದ್ದು ಏಟು ತಿಂದ್ಮೇಲೆ. 2016ರಲ್ಲಿ ಒಂದು ಕಂಪನಿ ಸೇರಿದಾಗ (ಹೆಸ್ರು ಬೇಡ ಬಿಡಿ) ನಿಮ್ಮ ಏರಿಯಾದಲ್ಲಿ 14 ಮಷಿನ್ ಇದೆ, ಆರಾಮಾಗಿ ಮಾಡ್ಬಹುದು ಅಂದಿದ್ರು. ಸೇರಿ ಎರಡನೇ ವಾರ ಒಂದು ಲ್ಯಾಬಿಗೆ ಹೋಗಿ "ಮೇಡಂ ನಮ್ಮ ಅನಲೈಸರ್ ಹೆಂಗೆ ನಡೀತಿದೆ" ಅಂತ ಕೇಳಿದ್ರೆ ಟೆಕ್ನಿಶಿಯನ್ ಮೇಡಂ ಮೂಲೆ ಕಡೆ ಕೈ ತೋರ್ಸಿದ್ರು. ಪ್ಲಾಸ್ಟಿಕ್ ಕವರ್ ಹೊದ್ಸಿದ ಮಷಿನ್ನು, ಅದ್ರ ಮೇಲೆ ಎರಡು ಟಿಫನ್ ಡಬ್ಬಿ, ಒಂದು ರಿಜಿಸ್ಟರು. "ಇದಾ? ಇದು ಕೆಟ್ಟು 8 ತಿಂಗಳಾಯ್ತು ಸರ್, ಬೋರ್ಡ್ ತರ್ತೀನಿ ಅಂತ ಹೋದ ನಿಮ್ಮ ಇಂಜಿನಿಯರ್ ಇನ್ನೂ ಬಂದಿಲ್ಲ." ಆ 14ರಲ್ಲಿ 5 ಮಷಿನ್ ಇದೇ ಕಥೆ. ನನ್ನ ಟಾರ್ಗೆಟ್ ಮಾತ್ರ 14ಕ್ಕೂ ಹಾಕಿದ್ರು.

ಅದಕ್ಕೇ ಹೇಳೋದು, ಸೈನ್ ಮಾಡೋ ಮುಂಚೆ ಒಂದು ದಿನ ರಜಾ ಹಾಕಿ ನಿಮ್ಗೆ ಕೊಡ್ತಿರೋ ಏರಿಯಾದ 4-5 ಲ್ಯಾಬ್ ಸುತ್ತಿ. ಬೆಳಿಗ್ಗೆ ಹೋಗ್ಬೇಡಿ, ಫಾಸ್ಟಿಂಗ್ ಸ್ಯಾಂಪಲ್ ರಶ್ಶಲ್ಲಿ ಯಾರೂ ಮುಖ ಎತ್ತಿ ನೋಡಲ್ಲ. ಮಧ್ಯಾಹ್ನ ಊಟ ಆದ್ಮೇಲೆ ಹೋಗಿ, ಈ ಕಂಪನಿಗೆ ಸೇರ್ಬೇಕು ಅಂತಿದೀನಿ ಅಂತ ನಿಜ ಹೇಳಿ ಕೇಳಿ. ಮಷಿನ್ ಹೆಂಗಿದೆ, ಕೆಟ್ರೆ ಇಂಜಿನಿಯರ್ ಎಷ್ಟು ದಿನಕ್ಕೆ ಬರ್ತಾನೆ, ಹಿಂದಿನ ಸೇಲ್ಸ್ ಹುಡುಗ ಯಾಕೆ ಬಿಟ್ಟ. ಎಚ್‌ಆರ್ ಹೇಳದೇ ಇರೋದೆಲ್ಲ ಹತ್ತು ನಿಮಿಷದಲ್ಲಿ ಬಂದ್ಬಿಡುತ್ತೆ, ಬೇಕಿದ್ರೆ ಟೀನೂ ಕೊಡ್ತಾರೆ. ಇಂಜಿನಿಯರ್ ಬೆಂಗಳೂರಲ್ಲಿ ಕೂತು 10 ಜಿಲ್ಲೆ ನೋಡ್ಕೋತಾನೆ ಅಂದ್ರೆ ಆ ಆಫರ್ ಬಗ್ಗೆ ಎರಡು ಸಲ ಯೋಚ್ನೆ ಮಾಡಿ, ಯಾಕಂದ್ರೆ ಮಷಿನ್ ನಿಂತಾಗ ಡಾಕ್ಟರ್ ಫೋನ್ ಮಾಡೋದು ನಿಮ್ಗೆ, ಅದೂ ಭಾನುವಾರ ಬೆಳಿಗ್ಗೆ 7ಕ್ಕೆ.

ಮಷಿನ್ ಓಪನ್ ಸಿಸ್ಟಮ್ಮಾ ಕ್ಲೋಸ್ಡಾ ಅಂತಾನೂ ಕೇಳ್ಕೊಳ್ಳಿ. ಕ್ಲೋಸ್ಡ್ ಆದ್ರೆ ಆ ಕಂಪನಿ ರೀಏಜೆಂಟೇ ಹಾಕ್ಬೇಕು, ಆರ್ಡರ್ ತಾನಾಗೇ ಬರುತ್ತೆ. ಓಪನ್ ಆದ್ರೆ ನೀವಿಟ್ಟ ಮಷಿನ್ನಲ್ಲಿ ಇನ್ನೊಬ್ಬ ಕಮ್ಮಿ ರೇಟಿನ ಕಿಟ್ ಹಾಕಿ ಓಡಿಸ್ತಾನೆ, ನೀವು ನೋಡ್ತಾ ಕೂತಿರ್ಬೇಕು.

ಲ್ಯಾಬ್ ಆದ್ಮೇಲೆ ಡಿಸ್ಟ್ರಿಬ್ಯೂಟರ್. ಸಾಧ್ಯ ಆದ್ರೆ ಅವ್ರ ಫ್ರಿಜ್ಜು ನೋಡಿ, ತಮಾಷೆ ಅಲ್ಲ. ರೀಏಜೆಂಟ್ ಬಹಳಷ್ಟು 2ರಿಂದ 8 ಡಿಗ್ರಿಯಲ್ಲಿ ಇಡ್ಬೇಕು, ಎಕ್ಸ್‌ಪೈರಿ ಇರುತ್ತೆ. ಹಿಂದಿನವನು ಮಾರ್ಚಲ್ಲಿ ಟಾರ್ಗೆಟ್ ಮುಟ್ಸೋಕೆ ಡಿಸ್ಟ್ರಿಬ್ಯೂಟರ್ ತಲೆಗೆ ಮಾಲು ಕಟ್ಟಿ ಹೋಗಿದ್ರೆ ಫ್ರಿಜ್ ತುಂಬ ಇನ್ನೆರಡು ತಿಂಗಳಲ್ಲಿ ಎಕ್ಸ್‌ಪೈರಿ ಆಗೋ ಬಾಕ್ಸ್‌ಗಳು. ಅದು ಖಾಲಿ ಆಗೋವರ್ಗೂ ನಿಮ್ಗೆ ಹೊಸ ಆರ್ಡರ್ ಕೊಡಲ್ಲ, ಎಕ್ಸ್‌ಪೈರಿ ಆದ್ರೆ ಮೊದ್ಲು ರಿಟರ್ನ್ ತಗೊಳ್ಳಿ ಅಂತ ಜಗಳ. ಇನ್ಸೆಂಟಿವ್ ಡಿಸ್ಟ್ರಿಬ್ಯೂಟರ್‌ಗೆ ಮಾರಿದ್ರ ಮೇಲಾ, ಲ್ಯಾಬಿಗೆ ಹೋದ ಮಾಲಿನ ಮೇಲಾ, ಇಲ್ಲಾ ದುಡ್ಡು ವಸೂಲಿ ಆದ್ಮೇಲಾ ಅಂತ ಇಂಟರ್‌ವ್ಯೂನಲ್ಲೇ ಕೇಳಿ. ವಸೂಲಿ ಮೇಲೆ ಅಂದ್ರೆ ಬೈಕಲ್ಲಿ ಬ್ರೋಶರ್ ಜೊತೆ ಬಾಕಿ ಬಿಲ್ಲೂ ಇಟ್ಕೊಂಡು ತಿರುಗ್ಬೇಕು, ಗೊತ್ತಿರ್ಲಿ.

ಟಾರ್ಗೆಟ್ ವಿಷ್ಯ. 80 ಪರ್ಸೆಂಟ್ ಒಳಗಿದ್ರೆ ಸೊನ್ನೆ ಅನ್ನೋ ಸ್ಲ್ಯಾಬ್ ಇದ್ಯಾ ನೋಡಿ, ಇದ್ರೆ 79 ಮಾಡಿದವನೂ 20 ಮಾಡಿದವನೂ ಒಂದೇ. ಟಾರ್ಗೆಟಲ್ಲಿ ಸರ್ಕಾರಿ ಆಸ್ಪತ್ರೆ ಎಷ್ಟು ಸೇರಿದೆ ಅಂತ ಕೇಳಿ, ಯಾಕಂದ್ರೆ ಅಲ್ಲಿ ಖರೀದಿ ಟೆಂಡರಲ್ಲಿ, ಸ್ಟೇಟ್ ಮೆಡಿಕಲ್ ಸಪ್ಲೈಸ್ ಕಾರ್ಪೊರೇಷನ್ನೋ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ಲೋ. ದಾವಣಗೆರೇಲಿ ಜಿಲ್ಲಾಸ್ಪತ್ರೆ ಬಾಗ್ಲಲ್ಲಿ ನೀವು ದಿನಾ ನಿಂತ್ರೂ ಬೆಂಗಳೂರಲ್ಲಿ ನಿಮ್ಮ ಕಂಪನಿ ಎಲ್-1 (ಟೆಂಡರಲ್ಲಿ ಎಲ್ರಿಗಿಂತ ಕಮ್ಮಿ ರೇಟ್ ಹಾಕಿದವ್ರು) ಆಗ್ದಿದ್ರೆ ಒಂದು ಕಿಟ್ಟೂ ಹೋಗಲ್ಲ.

ಓಡಾಟದ ದುಡ್ಡಿಗೆ ಒಂದು ಸಣ್ಣ ಲೆಕ್ಕ. ದಾವಣಗೆರೆಯಿಂದ ಚಿತ್ರದುರ್ಗ ಸುಮಾರು 60 ಕಿಲೋಮೀಟರ್, ಹೋಗಿ ಬರೋಕೆ 120. ಕಿಲೋಮೀಟರಿಗೆ 3 ರೂಪಾಯಿ ಕೊಟ್ರೆ 360, ಲೀಟರಿಗೆ 45 ಕೊಡೋ ಬೈಕಲ್ಲಿ ಪೆಟ್ರೋಲಿಗೇ 270ರ ಮೇಲೆ ಹೋಗುತ್ತೆ. ಉಳಿದಿದ್ರಲ್ಲಿ ಸರ್ವೀಸು, ಟೈರು, ನಿಮ್ಮ ಬೆನ್ನುನೋವು ಎಲ್ಲಾ.

ಡಾಕ್ಟರ್ ಕಮಿಷನ್ ಬಗ್ಗೆ ಯಾರೂ ನೇರ ಮಾತಾಡಲ್ಲ. ರೆಫರಲ್ಲಿಗೆ ಡಾಕ್ಟರ್ ಕಮಿಷನ್ ತಗೊಳ್ಳೋದು ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದಲ್ಲೇ ತಪ್ಪು, ಮೆಡಿಕಲ್ ಡಿವೈಸ್ ಕಂಪನಿಗಳ ಮಾರ್ಕೆಟಿಂಗಿಗೂ 2024ರಲ್ಲಿ ಕೇಂದ್ರ ಬೇರೆ ಕೋಡ್ ತಂದಿದೆ. ಮ್ಯಾನೇಜರ್ "ಡಾಕ್ಟರ್ ರಿಲೇಷನ್ ನೀವೇ ಮೇಂಟೇನ್ ಮಾಡ್ಬೇಕು" ಅಂದ್ರೆ ಅದಕ್ಕೆ ಬಜೆಟ್ ಯಾವ ಹೆಡ್ಡಲ್ಲಿ ಬರುತ್ತೆ ಸರ್ ಅಂತ ಮುಗ್ಧವಾಗಿ ಕೇಳಿ, ಉತ್ತರ ಬಂದ ರೀತಿಯಲ್ಲೇ ಗೊತ್ತಾಗುತ್ತೆ. ಕ್ಯಾಶ್ ನಿಮ್ಮ ಕೈಲಿ ಕಳಿಸ್ತಾರೆ ಅನ್ನೋ ವಾಸನೆ ಬಂದ್ರೆ ಎದ್ದು ಬನ್ನಿ, ಸಿಕ್ಕಿಬಿದ್ದಾಗ ಕಂಪನಿ ನೀವ್ಯಾರು ಅನ್ನುತ್ತೆ.

ಬಾಂಡು, ನೋಟಿಸ್ ಪೀರಿಯಡ್ಡು ಓದಿ, 90 ದಿನ ಇದ್ರೆ ಕಮ್ಮಿ ಮಾಡಿ ಅಂತ ಕೇಳಿ. ಬಿಟ್ಮೇಲೆ 2 ವರ್ಷ ಕಾಂಪಿಟಿಟರ್ ಹತ್ರ ಹೋಗ್ಬಾರ್ದು ಅನ್ನೋ ಷರತ್ತಿಗೆ ಜಾಸ್ತಿ ಹೆದ್ರಬೇಡಿ, 1872ರ ಕಾಂಟ್ರ್ಯಾಕ್ಟ್ ಆಕ್ಟ್ ಸೆಕ್ಷನ್ 27ರ ಪ್ರಕಾರ ಕೆಲಸ ಬಿಟ್ಮೇಲಿನ ಅಂಥ ತಡೆ ಊರ್ಜಿತ ಅಲ್ಲ. ಕಸ್ಟಮರ್ ಲಿಸ್ಟು, ರೇಟ್ ಲಿಸ್ಟು ಎತ್ಕೊಂಡು ಹೋಗೋದು ಬೇರೆ ವಿಷ್ಯ, ಅದು ಮಾಡ್ಬೇಡಿ.

ನಮ್ಮ ಹುಡುಗ ಹರಿಹರ, ಚಿತ್ರದುರ್ಗ ಸುತ್ತಿ ಬಂದ. 9 ಮಷಿನ್ನಲ್ಲಿ 7 ಓಡ್ತಾ ಇದ್ವು, ಇಂಜಿನಿಯರ್ ದಾವಣಗೆರೆಯವನೇ, ಮಾರನೇ ದಿನ ಬರ್ತಾನಂತೆ. ಸರಿ ಅಂತ ಮೊದಲ 3 ತಿಂಗಳು ವೇರಿಯಬಲ್ ಗ್ಯಾರಂಟಿ ಕೊಡಿ ಅಂತ ಎಚ್‌ಆರ್‌ಗೆ ಮೇಲ್ ಬರೆಸ್ದೆ, ಫೋನಲ್ಲಿ ಆಯ್ತು ಆಯ್ತು ಅಂದಿದ್ದು ಲೆಕ್ಕಕ್ಕಿಲ್ಲ, ಮೇಲಲ್ಲೇ ಉತ್ತರ ಬೇಕು ಅಂದೆ. ಎರಡು ದಿನ ಬಿಟ್ಟು 2 ತಿಂಗಳಿಗೆ ಒಪ್ಕೊಂಡ್ರು. ಸೇರಿದಾನೆ. ನಿನ್ನೆ ರಾತ್ರಿ ಫೋನ್ ಮಾಡಿ "ಅಣ್ಣಾ, ಚಿತ್ರದುರ್ಗದ ಡಿಸ್ಟ್ರಿಬ್ಯೂಟರ್ ಫೋನೇ ಎತ್ತಲ್ಲ" ಅಂದ, ಫ್ರಿಜ್ ನೋಡಿದ್ಯಾ ಅಂದ್ರೆ ಸುಮ್ನಾದ.