ಬಾಡಿಗೆ ಬೋಟಿನಲ್ಲಿ ಗಾಳ: ಬಂಡೆ ಪಕ್ಕಕ್ಕೋ, ಹೊರಗಡಲಿಗೋ?

ಅಕ್ಟೋಬರ್ ಬಂತೆಂದರೆ ಕಾರವಾರದಲ್ಲಿ ಬೋಟಿನವರ ಪರಿಚಯ ಇರುವವರಿಗೆಲ್ಲ ಘಟ್ಟದ ಮೇಲಿಂದ ಫೋನು ಶುರು. ಶಿರಸಿಯಿಂದ, ಹುಬ್ಬಳ್ಳಿಯಿಂದ, ಬೆಂಗಳೂರಿನಿಂದ. ಎಲ್ಲರದ್ದೂ ಒಂದೇ ಮಾತು: "ಡೀಪ್ ಸೀಗೆ ಹೋಗಿ ಗಾಳ ಹಾಕಬೇಕು, ಬೋಟು ಸಿಗ್ತದಾ?" ಸಿಗ್ತದೆ. ಆದರೆ ಹೀಗೆ ಕೇಳುವ ಬಹಳ ಜನಕ್ಕೆ ನಿಜವಾಗಿ ಬೇಕಿರುವುದು ದಡದ ಹತ್ತಿರದ ನಡುಗಡ್ಡೆಗಳ ಬಂಡೆ ಪಕ್ಕದಲ್ಲಿ ಅರ್ಧ ದಿನ. ಹೊರಗಡಲು ಅಲ್ಲ. ಯಾರಿಗೆ ಯಾವುದು ಸರಿ, ಬೋಟು ಮಾತಾಡುವ ಮೊದಲು ಏನೇನು ಕೇಳಬೇಕು ಅನ್ನುವುದು ಇಲ್ಲಿದೆ.

ಮೊದಲು ಆಳ ಕೇಳಿ

ನಮ್ಮ ಕರಾವಳಿಯಲ್ಲಿ ಸಮುದ್ರದ ತಳ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ದಡದಿಂದ 20 ಕಿಲೋಮೀಟರ್ ಹೋದರೂ ಆಳ ಬಹುತೇಕ 40 ಮೀಟರ್ ಒಳಗೇ ಇರುತ್ತದೆ. ತಳ ಕಡಿದಾಗಿ ಕೆಳಗಿಳಿಯುವ ಅಂಚು ಸಿಗಬೇಕೆಂದರೆ ಸುಮಾರು 80ರಿಂದ 100 ಕಿಲೋಮೀಟರ್ ಹೋಗಬೇಕು. ಬೆಳಿಗ್ಗೆ ಹೊರಟು ಸಂಜೆ ಬರುವ ಬಾಡಿಗೆ ಬೋಟು ಅಲ್ಲಿಗೆ ಹೋಗುವುದೇ ಇಲ್ಲ. ಹಾಗಾಗಿ 'ಡೀಪ್ ಸೀ' ಅನ್ನುವ ಹೆಸರಿಗೆ ದುಡ್ಡು ಕೊಡಬೇಡಿ. ಎಷ್ಟು ಆಳಕ್ಕೆ ಕರೆದೊಯ್ಯುತ್ತೀರಿ, ಅಲ್ಲಿಗೆ ಮುಟ್ಟಲು ಎಷ್ಟು ಹೊತ್ತು ಬೇಕು, ಎರಡನ್ನೂ ಕೇಳಿ. ತಾಂಡೇಲರು, ಅಂದರೆ ಬೋಟು ನಡೆಸುವವರು, ಆಳವನ್ನು ಮಾರಿನ ಲೆಕ್ಕದಲ್ಲಿ ಹೇಳಬಹುದು. ಒಂದು ಮಾರು ಅಂದರೆ ಸುಮಾರು 1.8 ಮೀಟರ್.

ಹೊತ್ತಿನ ಲೆಕ್ಕ ಸುಲಭ. ಗಂಟೆಗೆ 15 ಕಿಲೋಮೀಟರ್ ಓಡುವ ಬೋಟು 30 ಕಿಲೋಮೀಟರ್ ಹೋಗಲು 2 ಗಂಟೆ ಬೇಕು. ಬರಲು ಇನ್ನೆರಡು. ಆರು ಗಂಟೆಯ ಬಾಡಿಗೆಯಲ್ಲಿ ಗಾಳ ನೀರಲ್ಲಿರುವುದು ಎರಡೇ ಗಂಟೆ. ಅದೇ ದುಡ್ಡಿಗೆ ಬಂಡೆ ಪಕ್ಕದಲ್ಲಿ ಐದು ಗಂಟೆ ಸಿಗುತ್ತದೆ. ಎಂಜಿನ್ ಕುಡಿಯುವ ಎಣ್ಣೆಯೇ ಬಾಡಿಗೆಯ ದೊಡ್ಡ ಪಾಲು. ದೂರ ಹೋದಷ್ಟೂ ನೀವು ಕೊಡುವುದು ಎಣ್ಣೆಗೆ, ಮೀನಿಗಲ್ಲ.

ಬಂಡೆ ಪಕ್ಕದ ಗಾಳ

ಕಾರವಾರದ ಎದುರಿಗೆ ಕೂರ್ಮಗಡ, ದೀಪಸ್ತಂಭ ಇರುವ ದೇವಗಡ, ಹೊನ್ನಾವರದ ಹತ್ತಿರ ಬಸವರಾಜ ದುರ್ಗ. ಇಂಥ ನಡುಗಡ್ಡೆಗಳ ಬುಡದಲ್ಲಿ ನೀರೊಳಗೆ ಬಂಡೆ ಸಾಲು ಇರುತ್ತದೆ. ಬಂಡೆಗೆ ಚಿಪ್ಪು, ಪಾಚಿ ಹಿಡಿದಿರುತ್ತದೆ. ಅದಕ್ಕೆ ಸಣ್ಣ ಮೀನು ಬರುತ್ತದೆ, ಸಣ್ಣದನ್ನು ಹುಡುಕಿ ದೊಡ್ಡದು. ಸಂದಿಯಲ್ಲಿ ಮುರು ಮೀನು (ಗ್ರೂಪರ್) ಕೂತಿರುತ್ತದೆ. ಕೆಂಬೇರಿ (ಸ್ನ್ಯಾಪರ್) ತಳದ ಹತ್ತಿರ ಓಡಾಡುತ್ತದೆ. ಬರಾಕುಡಾ, ಟ್ರೆವಲಿ ಜಾತಿಯವು ಬಂಡೆಯ ಸುತ್ತ ಮೇಲಿನ ನೀರಿನಲ್ಲಿ ಬೇಟೆಯಾಡುತ್ತವೆ.

ಇಲ್ಲಿನ ಕೆಲಸ ಸರಳ. ತಂಗೂಸಿಗೆ (ನೈಲಾನ್ ದಾರಕ್ಕೆ) ಸೀಸ ಕಟ್ಟಿ, ಗಾಳಕ್ಕೆ ಸಿಗಡಿಯನ್ನೋ ಬೊಂಡಾಸ್ (ಸ್ಕ್ವಿಡ್) ತುಂಡನ್ನೋ ಸಿಕ್ಕಿಸಿ ತಳಕ್ಕೆ ಬಿಡುವುದು. ಸೀಸ ತಳ ಮುಟ್ಟಿದ್ದು ಕೈಗೆ ಗೊತ್ತಾಗುತ್ತದೆ. ಆಮೇಲೆ ಒಂದೆರಡು ಗೇಣು ಮೇಲೆತ್ತಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಬಂಡೆಗೆ ಸಿಕ್ಕಿಕೊಳ್ಳುತ್ತದೆ. ಹಾಗೆ ಹಿಡಿದರೂ ಸಿಕ್ಕಿಕೊಳ್ಳುತ್ತದೆ ಬಿಡಿ. ಹತ್ತು ಗಾಳ, ಹತ್ತು ಸೀಸ ಜಾಸ್ತಿಯೇ ಇಟ್ಟುಕೊಳ್ಳಿ. ಮುರು ಮೀನು ಕಚ್ಚಿದ ಕೂಡಲೇ ಸಂದಿಗೆ ನುಗ್ಗುತ್ತದೆ. ಆ ಮೊದಲ ನಾಲ್ಕೈದು ಸೆಕೆಂಡಿನಲ್ಲಿ ದಾರ ಸಡಿಲ ಬಿಟ್ಟಿರೋ, ಮೀನೂ ಹೋಯಿತು, ಗಾಳವೂ ಹೋಯಿತು.

ಮಕ್ಕಳು, ವಯಸ್ಸಾದವರು, ಮೊದಲ ಸಲ ಬೋಟು ಹತ್ತುವವರು ಜೊತೆಗಿದ್ದರೆ ಯೋಚನೆ ಮಾಡಬೇಡಿ, ಇದನ್ನೇ ಆರಿಸಿಕೊಳ್ಳಿ. ದಡ ಕಾಣುತ್ತಿರುತ್ತದೆ. ಯಾರಿಗಾದರೂ ಆಗಲಿಲ್ಲ ಅಂದರೆ ಬೇಗ ವಾಪಸ್ ಬರಬಹುದು. ಮೀನು ದೊಡ್ಡದಲ್ಲದಿದ್ದರೂ ಕಚ್ಚುವುದು ಮಾತ್ರ ಆಗಾಗ ಕಚ್ಚುತ್ತಿರುತ್ತದೆ.

ಹಾಗಂತ ದಡದ ಹತ್ತಿರ ಅಪಾಯ ಇಲ್ಲ ಅಂದುಕೊಳ್ಳಬೇಡಿ. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ತೀರಿಕೊಂಡರು. ಅದೇನು ಹೊರಗಡಲಲ್ಲ, ಕಾರವಾರದ ಕಣ್ಣೆದುರು. ಅಂದ ಹಾಗೆ ಆ ಜಾತ್ರೆ ಪುಷ್ಯ ಹುಣ್ಣಿಮೆಗೆ. ಅವತ್ತು ದೋಣಿಗಳೆಲ್ಲ ಭಕ್ತರನ್ನು ಸಾಗಿಸುವುದರಲ್ಲೇ ಇರುತ್ತವೆ. ಗಾಳ ಹಾಕುವ ಕೆಲಸ ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಹೊರಗಡಲು ಯಾರಿಗೆ?

ಇಸ್ವಾಣ, ಅಂದರೆ ಅಂಜಲ್ ಮೀನು ಹಿಡಿಯಲೇಬೇಕು ಅನ್ನುವವರಿಗೆ. ಗೆದರೆ, ಅಂದರೆ ಟ್ಯೂನಾ ಜಾತಿಯವು ಬೇಕು ಅನ್ನುವವರಿಗೆ. ಇವು ಒಂದು ಕಡೆ ನಿಲ್ಲುವ ಮೀನಲ್ಲ. ಬಂಗುಡೆ, ತಾರ್ಲೆಯ (ಬೂತಾಯಿ) ಹಿಂಡಿನ ಹಿಂದೆ ಓಡುತ್ತಿರುತ್ತವೆ. ಆದ್ದರಿಂದ ಬೋಟೂ ಓಡಬೇಕು. ನಕಲಿ ಮೀನು ಕಟ್ಟಿದ ದಾರವನ್ನು ಹಿಂದೆ ಬಿಟ್ಟು ಗಂಟೆಗೆ 10ರಿಂದ 15 ಕಿಲೋಮೀಟರ್ ವೇಗದಲ್ಲಿ ಎಳೆಯುತ್ತಾ ಹೋಗುತ್ತಾರೆ. ಹಕ್ಕಿಗಳು ಗುಂಪಾಗಿ ನೀರಿಗೆ ಬೀಳುವುದು ಕಂಡರೆ ಬೋಟು ಅತ್ತ ತಿರುಗುತ್ತದೆ. ಇಸ್ವಾಣದ ಹಲ್ಲು ಬರೀ ತಂಗೂಸನ್ನು ಕತ್ತರಿಸಿಬಿಡುತ್ತದೆ, ಗಾಳದ ಹತ್ತಿರ ಒಂದು ಗೇಣು ತಂತಿ ಬೇಕೇ ಬೇಕು.

ಸಿಕ್ಕಿದರೆ ಅದರ ಮಜಾನೇ ಬೇರೆ. ರೀಲು ಕಿರುಚುವುದನ್ನು ಒಮ್ಮೆ ಕೇಳಿದವರು ಮತ್ತೆ ಬಂಡೆ ಕಡೆ ನೋಡುವುದಿಲ್ಲ. ಆದರೆ ನಾಲ್ಕು ತಾಸು ಎಳೆದರೂ ಒಂದೂ ಕಚ್ಚದ ದಿನ ಇಲ್ಲಿ ಮಾಮೂಲು. ಆರು ಜನ ಇದ್ದರೆ ಗಾಳ ಕೈಯಲ್ಲಿ ಹಿಡಿಯುವವರು ಇಬ್ಬರೋ ಮೂವರೋ, ಉಳಿದವರು ಸುಮ್ನೆ ಕೂರಬೇಕು. ಜಗಳ ಶುರುವಾಗುವುದೇ ಅಲ್ಲಿ. ಮಕ್ಕಳಿದ್ದರಂತೂ ಅರ್ಧ ತಾಸಿಗೇ "ಮನೆಗೆ ಯಾವಾಗ ಹೋಗೋದು?"

ಮುರ್ಡೇಶ್ವರದ ಆಚೆಯ ನೇತ್ರಾಣಿ ನಡುಗಡ್ಡೆ ಇವೆರಡರ ನಡುವಿನದ್ದು. ದೂರ ಸುಮಾರು 19 ಕಿಲೋಮೀಟರ್, ಅಂದರೆ ಹೊರಗಡಲಿನ ಪಯಣ. ತಳದಲ್ಲಿ ಬಂಡೆ, ಹವಳ. ಆದರೆ ಅಲ್ಲಿ ಸ್ಕೂಬಾ ಮಾಡುವವರು ನೀರೊಳಗೆ ಇರುತ್ತಾರೆ. ಅವರಿರುವ ಕಡೆ ಗಾಳ ಬಿಡುವುದು ಬೇಡವೇ ಬೇಡ. ಹವಳವನ್ನು ವನ್ಯಜೀವಿ ಕಾಯ್ದೆ ಕಾಪಾಡುತ್ತದೆ, ಮುರಿದ ತುಂಡನ್ನು ನೆನಪಿಗೆಂದು ಜೇಬಿಗೆ ಹಾಕಿಕೊಂಡರೂ ಅಪರಾಧ. ಹವಳದ ಮೇಲೆ ಲಂಗರು ಎಸೆಯುವ ಬೋಟಿನವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವರ್ಷಕ್ಕೆ ಬೆರಳಗಲವೂ ಬೆಳೆಯದ ಹವಳವೇ ಜಾಸ್ತಿ. ನನ್ನನ್ನು ಕೇಳಿದರೆ ನೇತ್ರಾಣಿಯನ್ನು ನೀರೊಳಗೆ ನೋಡಲು ಇಟ್ಟುಕೊಂಡು, ಗಾಳಕ್ಕೆ ಬೇರೆ ಜಾಗ ನೋಡುವುದೇ ಒಳ್ಳೆಯದು.

ಹೊಟ್ಟೆಯ ಮಾತು

ಹೊರಗಡಲಿಗೆ ಹೋದರೆ ವಾಂತಿ ಜಾಸ್ತಿ, ಬಂಡೆ ಹತ್ತಿರ ಕಡಿಮೆ ಅಂತ ಎಲ್ಲರೂ ತಿಳಿದಿರುತ್ತಾರೆ. ಅರ್ಧ ಮಾತ್ರ ನಿಜ. ಓಡುವ ಬೋಟಿಗಿಂತ ಲಂಗರು ಹಾಕಿ ನಿಂತ ಬೋಟು ಜಾಸ್ತಿ ತೂಗಾಡುತ್ತದೆ. ಬಂಡೆಗೆ ಬಡಿದು ವಾಪಸ್ ಬರುವ ಅಲೆ ಬೇರೆ. ಅದರಲ್ಲಿ ತಲೆ ತಗ್ಗಿಸಿ ಗಾಳಕ್ಕೆ ಸಿಗಡಿ ಸಿಕ್ಕಿಸುತ್ತಾ ಕೂತರೆ, ಡೀಸೆಲ್ ವಾಸನೆಯೂ ಸೇರಿ, ಗಟ್ಟಿ ಹೊಟ್ಟೆಯವರೂ ಕೈಕಟ್ಟಿ ಮಲಗುತ್ತಾರೆ. ದೊಡ್ಡ ವ್ಯತ್ಯಾಸ ಏನೆಂದರೆ, ಬಂಡೆಯಿಂದ ಅರ್ಧ ತಾಸಿಗೆ ದಡ ಸಿಗುತ್ತದೆ, ಹೊರಗಡಲಿಂದ ಎರಡು ತಾಸು.

ವಾಕರಿಕೆಯ ಮಾತ್ರೆಯನ್ನು ಡಾಕ್ಟರ್ ಕೇಳಿ ಹೊರಡುವ ಮೊದಲೇ ತೆಗೆದುಕೊಳ್ಳಿ. ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಇಲ್ಲ. ಖಾಲಿ ಹೊಟ್ಟೆಯೂ ಬೇಡ, ಪೂರಿ ಭಾಜಿಯೂ ಬೇಡ. ಎರಡು ಇಡ್ಲಿ ಸಾಕು. ಬೋಟಿನ ಮೂತಿಯ ಬದಲು ನಡುವೆಯೋ ಹಿಂದೆಯೋ ಕೂತು ದೂರದ ಗೆರೆ ನೋಡುತ್ತಿರಿ. ಹಿಂದಿನ ರಾತ್ರಿ ಕುಡಿದವರನ್ನು ಹೊರಗಡಲಿಗೆ ಕರೆದೊಯ್ಯಲೇಬೇಡಿ.

ತಿಂಗಳು, ತಿಥಿ, ಗಾಳಿ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 10 ಅಶ್ವಶಕ್ತಿಗಿಂತ ಜಾಸ್ತಿ ಎಂಜಿನ್ ಇರುವ ದೋಣಿಗಳಿಗೂ ಅಷ್ಟೇ. ಆ ಹೊತ್ತಲ್ಲಿ ಯಾರಾದರೂ ಕರೆದರೆ ಹೋಗಬೇಡಿ. ಆಗಸ್ಟಿನಲ್ಲಿ ನಿಷೇಧ ಮುಗಿದರೂ ಕಡಲು ಇನ್ನೂ ಮುನಿಸಿಕೊಂಡೇ ಇರುತ್ತದೆ. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟ ಮೇಲೆಯೇ ಇಳಿಯುವ ಮೀನುಗಾರರು ಈಗಲೂ ಇದ್ದಾರೆ. ಹವ್ಯಾಸಕ್ಕೆ ಬರುವವರು ಅಕ್ಟೋಬರ್ ತನಕ ಕಾಯುವುದು ಒಳ್ಳೆಯದು. ನವೆಂಬರಿನಿಂದ ಫೆಬ್ರವರಿ ಎಲ್ಲದಕ್ಕಿಂತ ಚೆನ್ನ.

ಚಳಿಗಾಲದ ದಿನಚರಿ ಹೀಗೆ: ಬೆಳಿಗ್ಗೆ ನೆಲದ ಕಡೆಯಿಂದ ತಣ್ಣನೆ ಗಾಳಿ, ನೀರು ಕನ್ನಡಿ. ಮಧ್ಯಾಹ್ನ ದಾಟಿದ ಮೇಲೆ ವಾಯವ್ಯದಿಂದ ಗಾಳಿ ಏಳುತ್ತದೆ, ಬಿಳಿ ನೊರೆ ಕಾಣತೊಡಗುತ್ತದೆ. ಹಾಗಾಗಿ ಹೊರಗಡಲಿಗೆ ಹೋಗುವವರು ಬೆಳಕು ಹರಿಯುವ ಮೊದಲೇ ಬಂದರಿನಲ್ಲಿರಬೇಕು. ಶಿರಸಿಯವರು "ಬೆಳಿಗ್ಗೆ ಎದ್ದು ದೇವಿಮನೆ ಘಟ್ಟ ಇಳಿದು ಬರ್ತೇವೆ" ಅನ್ನುತ್ತಾರೆ. ಬೇಡ, ಹಿಂದಿನ ರಾತ್ರಿಯೇ ಇಳಿದು ಮಲಗಿ. ಬಂಡೆಗಾದರೆ ಏಳು ಗಂಟೆಗೆ ಹೊರಟರೂ ನಡೆಯುತ್ತದೆ.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ಇಳಿತ ಜೋರು. ಸೆಳೆತಕ್ಕೆ ಸೀಸ ತಳದಲ್ಲಿ ನಿಲ್ಲುವುದಿಲ್ಲ. ಬಂಡೆ ಗಾಳಕ್ಕೆ ಅಷ್ಟಮಿಯ ಅಕ್ಕಪಕ್ಕದ ದಿನಗಳು ಹಗುರ. ಕಾರವಾರದ ಬೈತಖೋಲ ಬಂದರು ಗುಡ್ಡದ ಮರೆಯಲ್ಲಿದೆ, ಒಳಗೆ ಹೊರಗೆ ಹೋಗಲು ಅಷ್ಟು ತೊಂದರೆ ಇಲ್ಲ. ಹೊನ್ನಾವರದಲ್ಲಿ ಶರಾವತಿ ಅಳಿವೆ ದಾಟಬೇಕು. ಅಲ್ಲಿ ಹೂಳಿನ ಕಾಟ ಹಳೆಯದು, ಇಳಿತದ ಹೊತ್ತಲ್ಲಿ ಅಲೆ ಮುರಿಯುತ್ತದೆ. ವಾಪಸ್ ಬರುವ ಹೊತ್ತಿಗೆ ಉಬ್ಬರ ಇದೆಯೇ ಅಂತ ತಾಂಡೇಲರನ್ನು ಕೇಳಿ ಹೊರಡುವ ಸಮಯ ಗೊತ್ತು ಮಾಡಿ. ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಅಲೆ, ಗಾಳಿಯ ಮುನ್ಸೂಚನೆಯನ್ನು ಪುಕ್ಕಟೆ ಕೊಡುತ್ತದೆ. ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಟ್ಟ ದಿನ ಬಂಡೆಗೂ ಬೇಡ, ಹೊರಗಡಲಿಗೂ ಬೇಡ.

ಬೋಟು ನೋಡಿ, ಆಮೇಲೆ ಮುಂಗಡ

ಫೋಟೋ ನೋಡಿ ದುಡ್ಡು ಕಳಿಸಬೇಡಿ. ಹಿಂದಿನ ಸಂಜೆ ಬಂದರಿಗೆ ಹೋಗಿ ಬೋಟು ನೋಡಿ. ಮೈ ಮೇಲೆ ನೋಂದಣಿ ಸಂಖ್ಯೆ ಬರೆದಿರಬೇಕು. ಮೀನು ಹಿಡಿಯಲು ನೋಂದಣಿ ಆದ ಬೋಟು ಬೇರೆ, ಪ್ರವಾಸಿಗರನ್ನು ಕೂರಿಸಲು ಪರವಾನಗಿ ಇರುವ ಬೋಟು ಬೇರೆ. ಎರಡನೆಯದನ್ನೇ ಕೇಳಿ. ಏನಾದರೂ ಆದರೆ ವಿಮೆಯ ಪ್ರಶ್ನೆ ಬರುವುದು ಅಲ್ಲೇ.

ಲೈಫ್ ಜಾಕೆಟ್ ಇದೆಯಾ ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ತೆಗೆದು ತೋರಿಸಿ ಅನ್ನಿ. ತಲೆ ಎಣಿಸಿ, ಮಕ್ಕಳ ಅಳತೆಯದ್ದು ಇದೆಯಾ ನೋಡಿ, ಬಕಲ್ ಹಾಕಿ ನೋಡಿ. ಬಂಡೆಗೆ ಹೋಗುವ ಸಣ್ಣ ದೋಣಿಗೆ ಒಂದು ಔಟ್‌ಬೋರ್ಡ್ ಎಂಜಿನ್ ಸಾಕು, ಜೊತೆಗೆ ಹುಟ್ಟು ಇರಲಿ. ಹೊರಗಡಲಿಗಾದರೆ ಎರಡನೇ ಎಂಜಿನ್, ಜಿಪಿಎಸ್, ವಿಎಚ್‌ಎಫ್ ವೈರ್‌ಲೆಸ್ ಇಲ್ಲದ ಬೋಟು ಎಷ್ಟೇ ಅಗ್ಗವಾದರೂ ಬೇಡ. ಹತ್ತಿಪ್ಪತ್ತು ಕಿಲೋಮೀಟರ್ ದಾಟಿದ ಮೇಲೆ ಮೊಬೈಲ್ ನಂಬಿಕೊಳ್ಳುವ ಹಾಗಿಲ್ಲ. ದಡದಲ್ಲಿ ಒಬ್ಬರಿಗೆ ಬೋಟಿನ ನಂಬರು, ವಾಪಸ್ ಬರುವ ಹೊತ್ತು ಬರೆದುಕೊಟ್ಟು ಹೊರಡಿ. ಕೋಸ್ಟ್ ಗಾರ್ಡ್ ಸಹಾಯವಾಣಿ 1554, ಕರಾವಳಿ ಕಾವಲು ಪೊಲೀಸರದ್ದು 1093.

ಹೋಗಬಾರದ ಜಾಗವನ್ನೂ ಮೊದಲೇ ಮಾತಾಡಿ. ಅಂಜುದೀವ್ ಮತ್ತು ಅರಗಾ ಕಡೆಯ ನೀರು ನೌಕಾನೆಲೆಯದ್ದು. "ಸ್ವಲ್ಪ ಹತ್ತಿರ ಹೋಗೋಣ, ಅಲ್ಲಿ ಮೀನು ಜಾಸ್ತಿ" ಅಂದರೆ ಒಪ್ಪಬೇಡಿ. ರಾತ್ರಿ ದೊಡ್ಡ ಲೈಟು ಹಾಕಿ ಮೀನು ಸೇರಿಸುತ್ತೇವೆ ಅನ್ನುವವರೂ ಸಿಗುತ್ತಾರೆ. ಬೆಳಕಿನ ಮೀನುಗಾರಿಕೆಗೆ ನಿಷೇಧ ಇದೆ. ಊರಿನ ನಾಡದೋಣಿಯವರಿಗೆ ಅದರ ಮೇಲೆ ಇರುವ ಸಿಟ್ಟಿಗೆ ಕಾರಣವೂ ಇದೆ. ಹೊರಗಡಲಿನಲ್ಲಿ ಬಾವುಟ ಕಟ್ಟಿದ ತೇಲುಗಳು ಕಂಡರೆ ಕೆಳಗೆ ಬಲೆ ಬಿಟ್ಟಿದ್ದಾರೆ ಎಂದರ್ಥ. ನಿಮ್ಮ ಗಾಳ ಅದರ ಮೇಲೆ ಎಳೆದರೆ ಹರಿಯುವುದು ಇನ್ನೊಬ್ಬರ ಹೊಟ್ಟೆಪಾಡು.

ಗಾಳಿ ಎದ್ದು ನಡುವೆಯೇ ವಾಪಸ್ ಬಂದರೆ ದುಡ್ಡಿನ ಕತೆ ಏನು? ಹೊರಡುವ ಮೊದಲೇ ಬಾಯಿಬಿಟ್ಟು ಕೇಳಿ. ಅರ್ಧ ಬಾಡಿಗೆಯೋ, ಇನ್ನೊಂದು ದಿನವೋ, ಏನಾದರೊಂದು ಮಾತಾಗಿರಲಿ. ವಾಪಸ್ ತಿರುಗಿಸುವ ತೀರ್ಮಾನ ಮಾತ್ರ ತಾಂಡೇಲರದ್ದೇ. ದುಡ್ಡು ಕೊಟ್ಟಿದ್ದೇವೆ ಅಂತ ಅವರ ಮೇಲೆ ಒತ್ತಡ ಹಾಕುವ ಗುಂಪಿನಲ್ಲಿ ನೀವಿದ್ದರೆ ಆ ಗುಂಪಿನವರ ಬಾಯಿ ಮುಚ್ಚಿಸುವುದು ನಿಮ್ಮ ಕೆಲಸ.

ಮೀನು ಯಾರದ್ದು?

ಇದೂ ಮೊದಲೇ ಆಗಬೇಕಾದ ಮಾತು. ಕೆಲವು ಬೋಟಿನಲ್ಲಿ ಸಿಕ್ಕಿದ್ದೆಲ್ಲ ನಿಮ್ಮದು, ಕೆಲವರಲ್ಲಿ ದೊಡ್ಡ ಇಸ್ವಾಣ ಬೋಟಿನವರದ್ದು. ಬಂಡೆಯಲ್ಲಿ ಊಟಕ್ಕೆ ಸಾಕಾದಷ್ಟು ಸಿಕ್ಕ ಮೇಲೆ ಗಾಳ ಎತ್ತಿಬಿಡಿ. ಮುರು ಮೀನು ನಿಧಾನ ಬೆಳೆಯುತ್ತದೆ. ಹೆಣ್ಣಾಗಿ ಶುರುವಾಗಿ ದೊಡ್ಡದಾದ ಮೇಲೆ ಗಂಡಾಗುವ ಜಾತಿ ಅದು. ದೊಡ್ಡವನ್ನೆಲ್ಲ ಎತ್ತಿದರೆ ಆ ಬಂಡೆಯಲ್ಲಿ ಗಂಡೇ ಉಳಿಯುವುದಿಲ್ಲ. ಆಳದಿಂದ ಎಳೆದದ್ದನ್ನು ವಾಪಸ್ ಬಿಟ್ಟರೂ ಎಷ್ಟೋ ಸಲ ಗಾಳಿಚೀಲ ಉಬ್ಬಿ ಮೇಲೆಯೇ ತೇಲುತ್ತಾ ಸಾಯುತ್ತದೆ. ಆಮೆ, ತಿಮಿಂಗಿಲ ಶಾರ್ಕ್ ಇವುಗಳಿಗೆ ಕಾನೂನಿನ ರಕ್ಷಣೆ ಇದೆ. ಗಾಳಕ್ಕೆ ಆಮೆ ಸಿಕ್ಕಿದರೆ ದಾರ ಹತ್ತಿರದಲ್ಲೇ ಕತ್ತರಿಸಿ ಬಿಡಬೇಕು.

ಮೀನಿನಷ್ಟೇ ತೂಕದ ಐಸ್ ಒಯ್ಯಿರಿ. ಗೆದರೆ, ಬಂಗುಡೆ ಬಿಸಿಲಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಹೆಚ್ಚುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಹೋಗುವುದಿಲ್ಲ, ತಿಂದವರ ಮೈ ಕೆಂಪಾಗಿ ತುರಿಸುತ್ತದೆ. ಘಟ್ಟ ಹತ್ತಿ ಮನೆ ಮುಟ್ಟುವ ತನಕ ತಣ್ಣಗಿರಬೇಕಲ್ವಾ? ಬಂದರಿನಲ್ಲೇ ಡಬ್ಬಿಯ ನೀರು ಚೆಲ್ಲಿ ಹೊಸ ಐಸ್ ತುಂಬಿಸಿಕೊಂಡು ಹೊರಡಿ.